ಒಂದು ಅಂಕಿಯೊಳಗೆ ಮರೆಯಾದದ್ದು: ತಡೆಗೋಡೆ, ಸಿಮೆಂಟ್ ಮತ್ತು ಸೆಪ್ಸಿಸ್ ಸಂಶೋಧನೆ ಹಿಡಿದಿರುವ ದಾರಿ

1995ರ ಜನವರಿ 17ರ ಬೆಳಗಿನ ಜಾವ ಜಪಾನಿನ ಕೋಬೆ ನಗರ ಅಲುಗಿದಾಗ, ಅಲ್ಲಿನ ರೈಲುಹಳಿಯ ಏರಿಗಳನ್ನು ದಶಕಗಳಿಂದ ಹಿಡಿದು ನಿಲ್ಲಿಸಿದ್ದ ಕಲ್ಲಿನ ಮತ್ತು ಕಬ್ಬಿಣವಿಲ್ಲದ ಕಾಂಕ್ರೀಟಿನ ದಪ್ಪ ತಡೆಗೋಡೆಗಳು ಹಲವೆಡೆ ಮುರಿದು ಮುಂದಕ್ಕೆ ಮಗುಚಿದವು. ಅದೇ ಊರಿನ ತನಾತಾ ಎಂಬಲ್ಲಿ ಕೆಲವೇ ವರ್ಷಗಳ ಹಿಂದೆ ಕಟ್ಟಿದ್ದ ಇನ್ನೊಂದು ಬಗೆಯ ಗೋಡೆ ಒಂದಿಷ್ಟು ಹೊರಕ್ಕೆ ಸರಿದು, ತುಸು ವಾಲಿ, ನಿಂತೇ ಉಳಿಯಿತು. ಅದರ ಹಿಂದಿನ ಮಣ್ಣಿನೊಳಗೆ ಪಾಲಿಮರ್ ಜಾಲರಿಯ ಹಾಳೆಗಳನ್ನು ಪದರ ಪದರವಾಗಿ ಹಾಸಲಾಗಿತ್ತು. ಸುತ್ತಮುತ್ತಲಿನ ಮರದ ಮನೆಗಳು ನೆಲಕಚ್ಚಿದ್ದ ಜಾಗದಲ್ಲಿ ಈ ಗೋಡೆ ನಿಂತಿದ್ದು ಎಂಜಿನಿಯರುಗಳಿಗೆ ಒಂದು ದೊಡ್ಡ ಪ್ರಶ್ನೆಯನ್ನು ಒಡ್ಡಿತು. ಏಕೆಂದರೆ ಕೋಬೆಯ ಹವಾಮಾನ ಕಚೇರಿಯ ಉಪಕರಣದಲ್ಲಿ ದಾಖಲಾದ ನೆಲದ ಗರಿಷ್ಠ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಶೇ 80ನ್ನು ಮೀರಿತ್ತು. ಆವರೆಗೆ ತಡೆಗೋಡೆಗಳ ಲೆಕ್ಕಾಚಾರದಲ್ಲಿ ವಾಡಿಕೆಯಾಗಿ ಬಳಸುತ್ತಿದ್ದ ಭೂಕಂಪ ಗುಣಾಂಕಗಳು, ಅಂದರೆ ಅಲುಗಾಟದ ಬಲ ತೂಕದ ಎಷ್ಟು ಪಾಲು ಎಂದು ಹೇಳುವ ಅಂಕಿಗಳು, ಅದರ ಕಾಲು ಭಾಗದ ಆಸುಪಾಸಿನಲ್ಲಿದ್ದವು. ಗುಣಾಂಕವನ್ನೇ ನಂಬಿದರೆ ಎರಡೂ ಬಗೆಯ ಗೋಡೆಗಳು ಬೀಳಬೇಕಿತ್ತು.

ಈ ಲೇಖನ ಮೂರು ದೂರದೂರದ ಸಂಶೋಧನಾ ಕ್ಷೇತ್ರಗಳನ್ನು ಒಟ್ಟಿಗೆ ನೋಡುತ್ತದೆ: ಭೂಕಂಪವನ್ನು ತಾಳಬಲ್ಲ ತಡೆಗೋಡೆ, ಸಿಮೆಂಟಿನ ನ್ಯಾನೊ ರಚನೆ, ಮತ್ತು ಸೆಪ್ಸಿಸ್ ಎಂಬ ಮಾರಕ ಸ್ಥಿತಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ನಡೆದುಕೊಳ್ಳುವ ರೀತಿ. ಇವುಗಳ ನಡುವೆ ವಸ್ತುವಿನ ಸಂಬಂಧವೇನೂ ಇಲ್ಲ, ಗೋಡೆಯನ್ನು ದೇಹಕ್ಕೆ ಹೋಲಿಸಿ ಬರೆಯುವ ಆಸೆಯೂ ನನಗಿಲ್ಲ. ಸಂಬಂಧವಿರುವುದು ಸಂಶೋಧನೆಯ ನಡಿಗೆಯಲ್ಲಿ. ಮೂರೂ ಕಡೆ ಬಳಕೆಯ ಜಗತ್ತು ಬಹುಕಾಲ ಒಂದೇ ಒಂದು ಅಂಕಿಯನ್ನು ನೆಚ್ಚಿಕೊಂಡು ಕೆಲಸ ಸಾಗಿಸಿತು. ಗೋಡೆಗೆ ಭೂಕಂಪ ಗುಣಾಂಕ, ಕಾಂಕ್ರೀಟಿಗೆ 28ನೇ ದಿನದ ಬಲ, ಸೆಪ್ಸಿಸ್ ಔಷಧಗಳಿಗೆ ಎಲ್ಲ ರೋಗಿಗಳನ್ನೂ ಒಟ್ಟು ಸೇರಿಸಿ ಅಳೆದ ಸಾವಿನ ಸರಾಸರಿ. ಕಳೆದ ಮೂರು ನಾಲ್ಕು ದಶಕಗಳಲ್ಲಿ ನಡೆದಿರುವ ಒಳ್ಳೆಯ ಕೆಲಸವೆಲ್ಲ ಆ ಅಂಕಿಯನ್ನು ಬಿಚ್ಚಿ, ಪೆಟ್ಟು ಬಿದ್ದಾಗ ಒಳಗೆ ಏನಾಗುತ್ತದೆ, ಯಾವ ಕ್ಷಣದಲ್ಲಿ ಆಗುತ್ತದೆ ಎಂದು ನೋಡಿದ್ದರಿಂದಲೇ ಬಂದಿದೆ ಎಂಬುದು ನನ್ನ ತಿಳಿವಳಿಕೆ.

ತಡೆಗೋಡೆಯಿಂದಲೇ ಆರಂಭಿಸೋಣ. ಗೋಡೆ ತಡೆದಿರುವುದು ಮಣ್ಣನ್ನು. ಮಣ್ಣು ನೀರಿನಂತೆ ಪೂರ್ತಿ ಹರಿಯುವುದೂ ಇಲ್ಲ, ಬಂಡೆಯಂತೆ ತನ್ನಷ್ಟಕ್ಕೆ ನಿಲ್ಲುವುದೂ ಇಲ್ಲ. ಫ್ರಾನ್ಸಿನ ಕೂಲಂಬ್ 1776ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ಸರಳ ಚಿತ್ರವನ್ನು ಕೊಟ್ಟರು. ಗೋಡೆ ತುಸು ಮುಂದಕ್ಕೆ ಬಾಗಿದರೆ ಸಾಕು, ಹಿಂದಿನ ಮಣ್ಣಿನಲ್ಲಿ ಬೆಣೆಯಾಕಾರದ ಒಂದು ತುಂಡು ಬಿಡಿಸಿಕೊಂಡು ಕೆಳಗೆ ಜಾರಲು ಹೊರಡುತ್ತದೆ. ಆ ಬೆಣೆಯ ತೂಕ, ಅದು ಜಾರುವ ಮೈಯಲ್ಲಿನ ಘರ್ಷಣೆ ಮತ್ತು ಗೋಡೆಯ ಪ್ರತಿರೋಧ ಇವುಗಳ ಸಮತೋಲನದಿಂದ ಒತ್ತಡವನ್ನು ಲೆಕ್ಕಹಾಕಬಹುದು. 1923ರ ಕಾಂತೊ ಮಹಾಭೂಕಂಪದ ಬಳಿಕ ಜಪಾನಿನ ಒಕಾಬೆ, ಮೊನೊನೊಬೆ ಮತ್ತು ಮಾಟ್ಸುಒ ಇದೇ ಬೆಣೆಗೆ ಇನ್ನೊಂದು ಬಲವನ್ನು ಸೇರಿಸಿದರು. ಬೆಣೆಯ ತೂಕವನ್ನು ಒಂದು ಗುಣಾಂಕದಿಂದ ಗುಣಿಸಿ, ಅಷ್ಟು ಬಲ ಗೋಡೆಯ ಕಡೆಗೆ ಅಡ್ಡಲಾಗಿ ಸದಾ ತಳ್ಳುತ್ತಿದೆ ಎಂದು ಭಾವಿಸಿದರು. 1920ರ ದಶಕದ ಈ ವಿಧಾನ ಇಂದಿಗೂ ಜಗತ್ತಿನ ಬಹುಪಾಲು ವಿನ್ಯಾಸ ಸಂಹಿತೆಗಳ ಬೆನ್ನೆಲುಬಾಗಿದೆ.

ಆ ಲೆಕ್ಕ ಏನು ಹೇಳುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. 6 ಮೀಟರ್ ಎತ್ತರದ ಲಂಬವಾದ ಗೋಡೆ, ಅದರ ಹಿಂದೆ ಸಮತಟ್ಟಾಗಿ ತುಂಬಿದ ಒಣ ಮರಳು, ಮರಳಿನ ಘರ್ಷಣ ಕೋನ (ಕಣಗಳು ಜಾರದಂತೆ ತಡೆಯುವ ಘರ್ಷಣೆಯ ಅಳತೆ) 30 ಡಿಗ್ರಿ, ಒಂದು ಘನಮೀಟರಿನ ತೂಕ 18 ಕಿಲೊನ್ಯೂಟನ್ ಎಂದಿಟ್ಟುಕೊಳ್ಳೋಣ. ಗೋಡೆ ಮತ್ತು ಮರಳಿನ ನಡುವಿನ ಘರ್ಷಣೆಯನ್ನು ಬಿಟ್ಟುಬಿಡೋಣ. ನೆಲ ಅಲುಗದಿರುವಾಗ ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ 108 ಕಿಲೊನ್ಯೂಟನ್, ಅಂದರೆ ಸುಮಾರು 11 ಟನ್ ತೂಕದಷ್ಟು ಬಲ ಬೀಳುತ್ತದೆ. ಭೂಕಂಪ ಗುಣಾಂಕ 0.2 ಎಂದಾದರೆ ಅದು ಸುಮಾರು 153 ಕಿಲೊನ್ಯೂಟನ್‌ಗೆ ಏರುತ್ತದೆ, ಎಂದರೆ ಶೇ 42ರಷ್ಟು ಹೆಚ್ಚಳ. ಆದರೆ ಈ ಹೆಚ್ಚುವರಿ ಬಲ ಎಲ್ಲಿ ಕೂರುತ್ತದೆ ಎಂಬುದು ಇನ್ನೊಂದು ಪ್ರಶ್ನೆ. 1970ರಲ್ಲಿ ಸೀಡ್ ಮತ್ತು ವಿಟ್ಮನ್ ಅದನ್ನು ಗೋಡೆಯ ಬುಡದಿಂದ ಎತ್ತರದ 0.6 ಭಾಗದಲ್ಲಿ ಇಡಬೇಕೆಂದು ಸೂಚಿಸಿದರು. ಹಾಗೆ ಇಟ್ಟರೆ ಗೋಡೆಯನ್ನು ಮಗುಚುವ ಬಲಭ್ರಮಣೆ (ಬಲ ಮತ್ತು ಬುಡದಿಂದ ಅದರ ಎತ್ತರದ ಗುಣಲಬ್ಧ) ಶೇ 75ರಷ್ಟು ಹೆಚ್ಚುತ್ತದೆ. ಬಲ ಅಷ್ಟೇ ಇದ್ದರೂ ಅದು ಯಾವ ಎತ್ತರದಲ್ಲಿ ನಾಟುತ್ತದೆ ಎಂಬ ಒಂದೇ ಊಹೆಯ ಮೇಲೆ ಗೋಡೆಯ ದಪ್ಪ, ಕಬ್ಬಿಣ, ಖರ್ಚು ಎಲ್ಲವೂ ನಿಂತುಬಿಡುತ್ತವೆ.

ವಿಧಾನದ ಬುಡದಲ್ಲೇ ಇನ್ನೂ ಕೆಲವು ಊಹೆಗಳಿವೆ. ಬೆಣೆಯ ಎಲ್ಲ ಕಣಗಳೂ ಒಂದೇ ಕ್ಷಣದಲ್ಲಿ ಒಂದೇ ವೇಗೋತ್ಕರ್ಷದಿಂದ ಚಲಿಸುತ್ತವೆ ಎಂಬುದು ಮೊದಲನೆಯದು. ನಿಜದಲ್ಲಿ ಕಂಪನದ ಅಲೆ ಬುಡದಿಂದ ಮೇಲಕ್ಕೆ ಏರಲು ಸಮಯ ಬೇಕು. 10 ಮೀಟರ್ ಎತ್ತರದ ಸಡಿಲ ಮಣ್ಣಿನಲ್ಲಿ ಅಲೆ ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಏರಿದರೆ ನೆತ್ತಿ ಮುಟ್ಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುತ್ತದೆ, 0.3 ಸೆಕೆಂಡಿಗೊಮ್ಮೆ ತೂಗುವ ನೆಲದಲ್ಲಿ ಅದು ಒಂದು ಪೂರ್ಣ ತೂಗಾಟದ ಮೂರನೆಯ ಒಂದು ಭಾಗ. ಬುಡ ಮುಂದಕ್ಕೆ ಹೋಗುತ್ತಿರುವಾಗ ನೆತ್ತಿ ಹಿಂದಕ್ಕೆ ಹೋಗುತ್ತಿರಬಹುದು. 1990ರಲ್ಲಿ ಸ್ಟೀಡ್ಮನ್ ಮತ್ತು ಝೆಂಗ್ ಈ ತಡವನ್ನು ಲೆಕ್ಕದೊಳಕ್ಕೆ ತಂದರು, ಅಲ್ಲಿಂದಾಚೆಗೆ ಆ ವಿಧಾನವನ್ನು ತಿದ್ದಿ ಬೆಳೆಸುವ ಕೆಲಸ ಬಿಡದೆ ನಡೆದಿದೆ. ಎರಡನೆಯ ಊಹೆ, ಗರಿಷ್ಠ ಬಲ ಸದಾ ಹಾಗೇ ಇರುತ್ತದೆ ಎಂಬುದು. ಭೂಕಂಪದ ಗರಿಷ್ಠ ವೇಗೋತ್ಕರ್ಷ ಇರುವುದು ಕಣ್ಣೆವೆ ಇಕ್ಕುವಷ್ಟು ಹೊತ್ತು ಮಾತ್ರ, ಮರುಕ್ಷಣ ಅದರ ದಿಕ್ಕೇ ತಿರುಗಿರುತ್ತದೆ. ಮೂರನೆಯದು ಗಣಿತದ್ದೇ ಆದ ಮಿತಿ: ಕಂಪನ ತೀರಾ ಜೋರಾಗಿ, ಹಿಂದಿನ ಮಣ್ಣು ಇಳಿಜಾರಾಗಿದ್ದರೆ ಸೂತ್ರದ ವರ್ಗಮೂಲದೊಳಗೆ ಋಣಸಂಖ್ಯೆ ಬಂದು ಉತ್ತರವೇ ಸಿಗುವುದಿಲ್ಲ.

ಊಹೆಗಳನ್ನು ಪರೀಕ್ಷಿಸುವುದು ಸುಲಭವಲ್ಲ. ಮಣ್ಣಿನ ಬಲ ಅದರ ಮೇಲಿರುವ ಭಾರವನ್ನು ಅವಲಂಬಿಸಿರುತ್ತದೆ. ಆದ್ದರಿಂದ ಮೇಜಿನ ಮೇಲಿಟ್ಟ ಪುಟ್ಟ ಮಾದರಿ ನಿಜವಾದ ಗೋಡೆಯಂತೆ ನಡೆದುಕೊಳ್ಳುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ಸೆಂಟ್ರಿಫ್ಯೂಜ್. ನಿಜದ 50ನೇ ಒಂದು ಭಾಗದಷ್ಟು ಚಿಕ್ಕ ಮಾದರಿಯನ್ನು ಉದ್ದ ತೋಳಿನ ತುದಿಗೆ ಕಟ್ಟಿ ಗುರುತ್ವದ 50 ಪಟ್ಟು ಬಲ ಹುಟ್ಟುವಷ್ಟು ವೇಗವಾಗಿ ತಿರುಗಿಸಿದರೆ, 10 ಸೆಂಟಿಮೀಟರ್ ಮರಳು 5 ಮೀಟರ್ ಮರಳಿನಂತೆ ಒತ್ತುತ್ತದೆ. ತಿರುಗುತ್ತಿರುವಾಗಲೇ ಮಾದರಿಯನ್ನು ಅಲುಗಿಸುತ್ತಾರೆ. 2010ರಲ್ಲಿ ಪ್ರಕಟವಾದ ಅಲ್ ಅತಿಕ್ ಮತ್ತು ಸಿಟಾರ್ ಅವರ ಪ್ರಯೋಗಗಳಲ್ಲಿ ಕಂಡದ್ದು ಎಂಜಿನಿಯರುಗಳನ್ನು ಗಂಭೀರವಾಗಿ ಯೋಚಿಸುವಂತೆ ಮಾಡಿತು. ಮಣ್ಣಿನ ಒತ್ತಡ ಗರಿಷ್ಠ ಮಟ್ಟ ಮುಟ್ಟುವ ಕ್ಷಣವೂ ಗೋಡೆಯ ಸ್ವಂತ ಜಡತ್ವದ ಬಲ ಗರಿಷ್ಠವಾಗುವ ಕ್ಷಣವೂ ಒಂದೇ ಆಗಿರಲಿಲ್ಲ. ಎರಡನ್ನೂ ಕೂಡಿ ವಿನ್ಯಾಸ ಮಾಡುವ ರೂಢಿ ಅಗತ್ಯಕ್ಕಿಂತ ಹೆಚ್ಚು ಬಲವನ್ನು ಎಣಿಸುತ್ತಿತ್ತು. ಸಮತಟ್ಟಾದ, ಮಧ್ಯಮ ಸಾಂದ್ರತೆಯ ಮರಳನ್ನು ಹಿಡಿದಿರುವ ಕ್ಯಾಂಟಿಲಿವರ್ ಗೋಡೆಗಳಲ್ಲಿ, ಅಂದರೆ ಬುಡದಲ್ಲಿ ಮಾತ್ರ ಬಿಗಿದು ನಿಲ್ಲಿಸಿದ ಗೋಡೆಗಳಲ್ಲಿ, ಸ್ಥಿರ ಭಾರಕ್ಕೆ ಸಾಕಷ್ಟು ಸುರಕ್ಷತಾಂಶ ಇಟ್ಟಿದ್ದರೆ, ಗುರುತ್ವದ 0.4 ಪಟ್ಟಿನೊಳಗಿನ ಕಂಪನಕ್ಕೆ ಮಣ್ಣಿನ ಹೆಚ್ಚುವರಿ ಒತ್ತಡವನ್ನು ಬಿಟ್ಟರೂ ನಡೆದೀತು ಎಂಬಲ್ಲಿಯವರೆಗೆ ಅವರ ತೀರ್ಮಾನ ಹೋಯಿತು.

ಹಾಗಾದರೆ ಗೋಡೆಗಳು ಬೀಳುವುದೇಕೆ? ಬಿದ್ದ ಗೋಡೆಗಳನ್ನು ನೋಡಿದರೆ ಬಹಳಷ್ಟು ಕಡೆ ಆರೋಪಿ ನೀರು. ಕೋಬೆಯ ಬಂದರಿನಲ್ಲಿ ಕೊಳೆತ ಗ್ರಾನೈಟಿನ ಪುಡಿಯನ್ನು ತುಂಬಿ ಹೊಸ ನೆಲವನ್ನು ಮಾಡಿ, ಅದರ ಅಂಚಿಗೆ ಭಾರಿ ಕಾಂಕ್ರೀಟ್ ಪೆಟ್ಟಿಗೆಗಳನ್ನು ಇಳಿಸಿ ದಡದ ಗೋಡೆ ಕಟ್ಟಿದ್ದರು. ಭೂಕಂಪದಲ್ಲಿ ಆ ಪೆಟ್ಟಿಗೆಗಳು ಮುರಿಯಲಿಲ್ಲ. ಕೆಲವು ಕಡೆ 5 ಮೀಟರ್‌ವರೆಗೆ ಸಮುದ್ರದ ಕಡೆಗೆ ಸರಿದು, 1ರಿಂದ 2 ಮೀಟರ್ ಕುಸಿದವು. ನೀರು ತುಂಬಿದ ಸಡಿಲ ಕಣಗಳು ಅಲುಗಾಟದಲ್ಲಿ ಒತ್ತಾಗಿ ಕೂರಲು ಹವಣಿಸುತ್ತವೆ, ನಡುವಿನ ನೀರಿಗೆ ಹೊರಹೋಗಲು ಸಮಯ ಸಿಗುವುದಿಲ್ಲ, ಆಗ ಕಣಗಳ ಭಾರವನ್ನು ನೀರೇ ಹೊರತೊಡಗುತ್ತದೆ ಮತ್ತು ಕಣಗಳ ನಡುವಿನ ಘರ್ಷಣೆ ಇಲ್ಲವಾಗುತ್ತದೆ. ದ್ರವೀಕರಣ ಎನ್ನುವುದು ಇದನ್ನೇ. ಘರ್ಷಣ ಕೋನ 30 ಡಿಗ್ರಿ ಎಂದು ಬರೆದುಕೊಂಡು ಮಾಡಿದ ಲೆಕ್ಕ ಆ ಕ್ಷಣಕ್ಕೆ ಬರಿ ಕಾಗದವಾಗುತ್ತದೆ. ನೀರು ಬಸಿದುಹೋಗುವ ರಂಧ್ರ, ಗೋಡೆಯ ಹಿಂದೆ ಜಲ್ಲಿಯ ಪದರ, ಮಣ್ಣನ್ನು ತುಂಬುವಾಗ ಪದರಪದರವಾಗಿ ದಮ್ಮಸ್ಸು ಮಾಡುವುದು, ಇವು ಯಾವ ಸಂಶೋಧನಾ ಪತ್ರಿಕೆಯ ಶೀರ್ಷಿಕೆಯೂ ಆಗದ ಕೆಲಸಗಳು. ಗೋಡೆ ಉಳಿಯುವುದು ಹೆಚ್ಚಾಗಿ ಇವುಗಳಿಂದ.

ಹೊಸ ಚಿಂತನೆಯ ತಿರುಳು ಇರುವುದು ಸರಿಯುವಿಕೆಯನ್ನು ಒಪ್ಪಿಕೊಳ್ಳುವುದರಲ್ಲಿ. 1965ರಲ್ಲಿ ನ್ಯೂಮಾರ್ಕ್ ಜಾರುವ ದಿಮ್ಮಿಯ ಕಲ್ಪನೆಯನ್ನು ಮುಂದಿಟ್ಟರು. ಬಲ ಒಂದು ಮಿತಿಯನ್ನು ದಾಟಿದಾಗ ದಿಮ್ಮಿ ಜಾರುತ್ತದೆ, ಬಲ ಇಳಿದ ಕೂಡಲೇ ನಿಲ್ಲುತ್ತದೆ, ಪ್ರತಿ ಅಲುಗಾಟದ ಪುಟ್ಟ ಪುಟ್ಟ ಜಾರಿಕೆಗಳು ಸೇರಿ ಒಟ್ಟು ಸರಿಯುವಿಕೆ ಆಗುತ್ತದೆ. 1979ರಲ್ಲಿ ರಿಚರ್ಡ್ಸ್ ಮತ್ತು ಎಲ್ಮ್ಸ್ ಇದನ್ನು ತಡೆಗೋಡೆಗೆ ಹೊಂದಿಸಿದರು. ಆಗ ವಿನ್ಯಾಸಕಾರ ಕೇಳಿಕೊಳ್ಳುವ ಪ್ರಶ್ನೆಯೇ ಬದಲಾಗುತ್ತದೆ: ಗೋಡೆ ಸರಿಯಬಾರದು ಎಂಬ ಹಟದ ಬದಲು, ಎಷ್ಟು ಸರಿದರೆ ಮೇಲಿನ ರಸ್ತೆಗೆ, ಹಳಿಗೆ, ಮನೆಗೆ ಅಪಾಯವಿಲ್ಲ ಎಂದು ಕೇಳಬೇಕಾಗುತ್ತದೆ. ತನಾತಾದ ಗೋಡೆ ಉಳಿದದ್ದು ಹೀಗೆಯೇ. ಮಣ್ಣಿನೊಳಗಿನ ಜಾಲರಿಗಳು ಮಣ್ಣು ಹಿಗ್ಗಲು ಹೊರಟಾಗಲೆಲ್ಲ ಅದನ್ನು ಹಿಡಿದವು, ಗೋಡೆ ಮತ್ತು ಹಿಂದಿನ ಮಣ್ಣು ಒಂದೇ ಅಗಲವಾದ ರಾಶಿಯಾಗಿ ತೂಗಾಡಿ ಸ್ವಲ್ಪ ಸರಿದು ನಿಂತವು. ಫ್ರಾನ್ಸಿನ ಹೆನ್ರಿ ವಿದಾಲ್ 1960ರ ದಶಕದಲ್ಲಿ ಲೋಹದ ಪಟ್ಟಿಗಳಿಂದ ಆರಂಭಿಸಿದ ಮಣ್ಣಿನ ಬಲವರ್ಧನೆಗೆ ಭೂಕಂಪದ ಮುಂದೆ ಇಷ್ಟು ತಾಳಿಕೆ ಇದೆ ಎಂಬುದು ಕೋಬೆಯ ನಂತರ ವ್ಯಾಪಕವಾಗಿ ಮನವರಿಕೆಯಾಯಿತು. ಗೋಡೆ ಮತ್ತು ಮಣ್ಣಿನ ನಡುವೆ ಪಾಲಿಸ್ಟೈರೀನ್ ನೊರೆಯ ಹಲಗೆಗಳನ್ನೋ ಹಳೆಯ ಟೈರಿನ ಚೂರುಗಳನ್ನೋ ಇಟ್ಟು, ಕಂಪನದ ಒತ್ತಡವನ್ನು ಅವು ಕುಗ್ಗಿ ನುಂಗುವಂತೆ ಮಾಡುವ ಪ್ರಯೋಗಗಳೂ ಇದೇ ದಾರಿಯವು. ಒಂದು ಘನಮೀಟರ್ ಮಣ್ಣು ಸುಮಾರು 1,800 ಕಿಲೊ ತೂಗಿದರೆ ಆ ನೊರೆ ಸುಮಾರು 20 ಕಿಲೊ ತೂಗುತ್ತದೆ.

ಇಷ್ಟಾದರೂ ಬಹುಪಾಲು ಗೋಡೆಗಳು ಇಂದಿಗೂ ಗುಣಾಂಕದ ಲೆಕ್ಕದಲ್ಲೇ ಕಟ್ಟಲ್ಪಡುತ್ತಿವೆ. ನನಗೆ ಇದರ ಬಗ್ಗೆ ಅಸಮಾಧಾನವಿದ್ದರೂ ಕಾರಣ ಅರ್ಥವಾಗುತ್ತದೆ. ಗುಣಾಂಕದ ಲೆಕ್ಕಕ್ಕೆ ಒಂದು ಹಾಳೆ ಸಾಕು, ಸರಿಯುವಿಕೆಯ ಲೆಕ್ಕಕ್ಕೆ ಆ ಸ್ಥಳದ ಮಣ್ಣಿನ ಪರೀಕ್ಷೆ, ನಿರೀಕ್ಷಿತ ಕಂಪನದ ದಾಖಲೆ, ಅನುಭವಿ ಎಂಜಿನಿಯರ್ ಎಲ್ಲವೂ ಬೇಕು. ಸಣ್ಣ ಗೋಡೆಗೆ ಯಾರೂ ಅಷ್ಟು ಖರ್ಚು ಮಾಡುವುದಿಲ್ಲ, ಆದರೆ ಗುಡ್ಡದ ಊರುಗಳಲ್ಲಿ ರಸ್ತೆಯನ್ನು ಹಿಡಿದಿರುವುದು ಇಂತಹ ಸಾವಿರಾರು ಸಣ್ಣ ಗೋಡೆಗಳೇ. ಭೂಕಂಪದ ಮರುದಿನ ಆಂಬುಲೆನ್ಸ್ ಬರಬೇಕಾದ ದಾರಿ ಅದು.

ಗೋಡೆಯ ಮೈ ಕಾಂಕ್ರೀಟಿನದ್ದಾದರೆ ಅಲ್ಲಿಯೂ ಒಂದು ಅಂಕಿ ರಾಜ್ಯವಾಳುತ್ತದೆ. ಅಚ್ಚಿನಲ್ಲಿ ಎರೆದ ಕಾಂಕ್ರೀಟಿನ ತುಂಡನ್ನು 28 ದಿನ ನೀರುಣಿಸಿ, ಯಂತ್ರದಲ್ಲಿಟ್ಟು ಅದುಮಿ, ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆದುಕೊಳ್ಳುತ್ತಾರೆ. ಈ ಪರೀಕ್ಷೆಗೆ ಅದರದೇ ಆದ ಉಪಯೋಗವಿದೆ. ಆದರೆ ಆ ಬಲ ಎಲ್ಲಿಂದ ಬರುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅದನ್ನು ಗಟ್ಟಿಮಾಡುವ ವಸ್ತುವಿನ ಕಣರಚನೆ ಹೇಗಿದೆ ಎಂಬುದು ಇಂದಿಗೂ ಪೂರ್ತಿ ಬಗೆಹರಿಯದ ವಾದ. ಸಿಮೆಂಟಿನ ಪುಡಿ ನೀರಿನೊಡನೆ ಕೂಡಿದಾಗ ಹುಟ್ಟುವ ಮುಖ್ಯ ವಸ್ತು ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್. ಅದಕ್ಕೆ ಹರಳಿನ ಕ್ರಮಬದ್ಧತೆ ಇಲ್ಲ, ಅದರ ಸಂಯೋಜನೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಅದರೊಳಗಿನ ನೀರಿನಲ್ಲಿ ಯಾವುದು ವಸ್ತುವಿನ ಭಾಗ, ಯಾವುದು ರಂಧ್ರದಲ್ಲಿ ಕೂತದ್ದು ಎಂದು ಬೇರ್ಪಡಿಸುವುದೇ ಕಷ್ಟ. ಒಣಗಿಸಿ ಅಳೆಯಲು ಹೋದರೆ ರಚನೆಯೇ ಬದಲಾಗಿಬಿಡುತ್ತದೆ.

2007ರಲ್ಲಿ ಆಲೆನ್, ಥಾಮಸ್ ಮತ್ತು ಜೆನ್ನಿಂಗ್ಸ್ ನ್ಯೂಟ್ರಾನ್ ಮತ್ತು ಎಕ್ಸ್-ಕಿರಣಗಳ ಚದರಿಕೆಯನ್ನು ಜೊತೆಜೊತೆಗೆ ಬಳಸಿ, ಒಣಗಿಸದೆಯೇ, ಈ ವಸ್ತುವಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.6 ಗ್ರಾಂ ಎಂದು ಅಳೆದರು. ಜೆನ್ನಿಂಗ್ಸ್ ಅವರ ಮಾದರಿಯಂತೆ ಇದು ಸುಮಾರು 5 ನ್ಯಾನೊಮೀಟರ್ ಗಾತ್ರದ ಗುಂಡುಗಳ ರಾಶಿ. 2009ರಲ್ಲಿ ಪೆಲೆಂಕ್ ಮತ್ತು ಸಂಗಡಿಗರು ಅದರ ಪರಮಾಣು ಮಟ್ಟದ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಅಲ್ಲಿ ಸಿಲಿಕೇಟ್ ಸರಪಳಿಗಳು ಅಲ್ಲಲ್ಲಿ ಕಡಿದುಹೋಗಿದ್ದವು, ಆ ಕಡಿತಗಳಲ್ಲಿ ನೀರು ಸೇರಿಕೊಂಡಿತ್ತು. ಕೊರತೆ ಎನಿಸುವ ಈ ಅವ್ಯವಸ್ಥೆಯನ್ನು ಒಳಗೊಂಡಾಗಲೇ ಮಾದರಿಯ ಬಿಗುಪು ಮತ್ತು ಬಲ ಅಳತೆಗಳೊಡನೆ ಹೊಂದಿತು. ಇದಕ್ಕೆ ಮುಂಚೆಯೇ ಕಾನ್‌ಸ್ಟಾಂಟಿನೈಡಿಸ್ ಮತ್ತು ಉಲ್ಮ್, ವಜ್ರದ ಸೂಕ್ಷ್ಮ ಮೊನೆಯಿಂದ ಸಿಮೆಂಟನ್ನು ಹಲವಾರು ಕಡೆ ಒತ್ತಿ ನೋಡಿ, ಗುಂಡುಗಳು ಎರಡು ಬಗೆಯಲ್ಲಿ ಕೂತಿವೆ ಎಂದು ತೋರಿಸಿದ್ದರು. ಗೋಲಿಗಳನ್ನು ಡಬ್ಬಿಗೆ ಹೇಗೆಂದರೆ ಹಾಗೆ ಸುರಿದರೆ ಅವು ಜಾಗದ ಶೇ 64ರಷ್ಟನ್ನು ತುಂಬುತ್ತವೆ, ಒಪ್ಪವಾಗಿ ಜೋಡಿಸಿದರೆ ಶೇ 74ರಷ್ಟನ್ನು. ಸಿಮೆಂಟಿನ ಸಡಿಲ ಭಾಗ ಮತ್ತು ದಟ್ಟ ಭಾಗ ಹೆಚ್ಚುಕಡಿಮೆ ಈ ಎರಡು ಅಂಕಿಗಳ ಬಳಿಯೇ ನಿಲ್ಲುತ್ತವೆ.

ಇದರಿಂದ ಬಳಕೆಗೇನು ಲಾಭ ಎಂದು ಕೇಳುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದು, ಸದಾ ಭಾರ ಹೊತ್ತ ಕಾಂಕ್ರೀಟ್ ವರ್ಷಗಳುದ್ದಕ್ಕೂ ನಿಧಾನವಾಗಿ ಬಾಗುತ್ತಾ ಹೋಗುವ ವಿಷಯ. ವಾಂಡಾಮ್ ಮತ್ತು ಉಲ್ಮ್ 2009ರಲ್ಲಿ ಈ ಬಾಗುವಿಕೆಯ ಮೂಲ ಗುಂಡುಗಳ ಮರುಜೋಡಣೆಯಲ್ಲಿದೆ ಎಂದು ವಾದಿಸಿದರು. ಕಾಲದ ಲಾಗರಿದಮ್ಮಿನಂತೆ ಅದು ಸಾಗುತ್ತದೆ, ಆದ್ದರಿಂದ ಮೊದಲ ವರ್ಷದಿಂದ ಹತ್ತನೆಯ ವರ್ಷದವರೆಗೆ ಎಷ್ಟು ಬಾಗುವುದೋ ಹತ್ತರಿಂದ ನೂರನೆಯ ವರ್ಷದವರೆಗೂ ಸುಮಾರು ಅಷ್ಟೇ ಬಾಗುತ್ತದೆ. ವರ್ಷಗಟ್ಟಲೆ ಕಾಯಬೇಕಿದ್ದ ಪರೀಕ್ಷೆಯ ಉತ್ತರವನ್ನು ಸೂಕ್ಷ್ಮ ಮೊನೆಯಡಿ ಕೆಲವೇ ನಿಮಿಷಗಳಲ್ಲಿ ಅಂದಾಜು ಮಾಡಬಹುದು ಎಂಬ ಭರವಸೆಯನ್ನು ಅವರ ಕೆಲಸ ಹುಟ್ಟಿಸಿತು.

ಎರಡನೆಯದು ಇನ್ನೂ ಮುಖ್ಯ. ಮನುಷ್ಯ ಹೊರಹಾಕುವ ಕಾರ್ಬನ್ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದ ಬರುತ್ತದೆ, ಅದರ ಅರ್ಧಕ್ಕಿಂತ ಹೆಚ್ಚು ಸುಣ್ಣದಕಲ್ಲು ಕಾದು ಒಡೆಯುವಾಗ ಕಲ್ಲಿನಿಂದಲೇ ಹೊಮ್ಮುವಂಥದ್ದು. ಇಂಧನ ಬದಲಿಸಿದರೂ ಅದು ತಪ್ಪದು. ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಮಾಡುವ ಕ್ಲಿಂಕರನ್ನೇ, ಅಂದರೆ ಪುಡಿಮಾಡಿದಾಗ ಸಿಮೆಂಟಾಗುವ ಗಂಟುಗಳನ್ನೇ, ಕಡಿಮೆ ಮಾಡಬೇಕು. ಸುಟ್ಟ ಜೇಡಿ ಮತ್ತು ಸುಣ್ಣದಕಲ್ಲಿನ ಪುಡಿಯನ್ನು ಬೆರೆಸಿ ಕ್ಲಿಂಕರಿನ ಪಾಲನ್ನು ಅರ್ಧಕ್ಕಿಳಿಸಿದ ಎಲ್‌ಸಿ3 ಎಂಬ ಸಿಮೆಂಟ್ ಅಂತಹ ಪ್ರಯತ್ನ. 28ನೇ ದಿನದ ಬಲದಲ್ಲಿ ಅದು ಸಾಮಾನ್ಯ ಸಿಮೆಂಟಿಗೆ ಸರಿಸಾಟಿಯಾಗಿ ನಿಲ್ಲಬಲ್ಲದು. ಆದರೆ ಒಳಗೆ ಅದು ಬೇರೆಯೇ ವಸ್ತು. ಅದರ ರಂಧ್ರಗಳು ಹೆಚ್ಚು ಕಿರಿದಾಗಿರುವುದರಿಂದ ಸಮುದ್ರದ ಉಪ್ಪು ಕಬ್ಬಿಣದತ್ತ ನುಸುಳುವುದು ಬಹಳ ನಿಧಾನ. ಅದೇ ವೇಳೆ ಅದರಲ್ಲಿ ಉಳಿದಿರುವ ಸುಣ್ಣದ ಅಂಶ ಕಡಿಮೆಯಾದ್ದರಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಾಂಕ್ರೀಟಿನ ಕ್ಷಾರಗುಣವನ್ನು ಬೇಗ ಕಳೆಯುತ್ತದೆ, ಕಬ್ಬಿಣಕ್ಕಿರುವ ರಕ್ಷಣೆಯೂ ಅಷ್ಟೇ ಬೇಗ ತೆಳುವಾಗುತ್ತದೆ. ಕಡಲ ದಂಡೆಯ ಗೋಡೆಗೆ ಇದು ಉತ್ತಮ ಆಯ್ಕೆ. ಗಾಳಿಗೆ ಒಡ್ಡಿದ ತೆಳು ಕಂಬಕ್ಕೆ ಬಳಸುವಾಗ ಕಬ್ಬಿಣದ ಮೇಲಿನ ಹೊದಿಕೆಯ ದಪ್ಪವನ್ನು, ಕ್ಯೂರಿಂಗ್ (ನೀರುಣಿಸುವ) ಅವಧಿಯನ್ನು ಹೆಚ್ಚು ಎಚ್ಚರದಿಂದ ನಿರ್ಧರಿಸಬೇಕು. ಒಂದೇ ಬಲದ ಅಂಕಿ ಹೊತ್ತ ಎರಡು ಸಿಮೆಂಟುಗಳ ನಡುವಿನ ಈ ವ್ಯತ್ಯಾಸ ಯಂತ್ರದಡಿ ಒಡೆದ ತುಂಡಿನಲ್ಲಿ ಕಾಣುವುದಿಲ್ಲ.

ಸೆಪ್ಸಿಸ್‌ಗೆ ಬಂದಾಗ ವಿಷಯ ತೂಕವಾಗುತ್ತದೆ, ಏಕೆಂದರೆ ಇಲ್ಲಿ ಸರಾಸರಿಯೊಳಗೆ ಮರೆಯಾಗುವುದು ಮನುಷ್ಯರು. ಜಗತ್ತಿನಲ್ಲಿ 2017ರ ಒಂದೇ ವರ್ಷ 4.89 ಕೋಟಿ ಜನರಿಗೆ ಸೆಪ್ಸಿಸ್ ಆಯಿತೆಂದೂ 1.1 ಕೋಟಿ ಸಾವುಗಳು ಅದಕ್ಕೆ ಸಂಬಂಧಿಸಿದ್ದವೆಂದೂ 2020ರಲ್ಲಿ ಪ್ರಕಟವಾದ ಜಾಗತಿಕ ಅಂದಾಜು ಹೇಳಿತು. ಅದು ಆ ವರ್ಷದ ಒಟ್ಟು ಸಾವುಗಳ ಸುಮಾರು ಐದನೆಯ ಒಂದು ಭಾಗ. ಜನರ ಮಾತಿನಲ್ಲಿ ಇದು ರಕ್ತಕ್ಕೆ ನಂಜೇರುವುದು. 2016ರ ಅಂತರರಾಷ್ಟ್ರೀಯ ವ್ಯಾಖ್ಯೆ ಮಾತ್ರ ಒತ್ತನ್ನು ಬೇರೆಡೆ ಇಟ್ಟಿತು. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹಳಿತಪ್ಪಿ, ಅದರಿಂದ ಅಂಗಾಂಗಗಳು ಜೀವಕ್ಕೆ ಅಪಾಯವಾಗುವಷ್ಟು ವಿಫಲವಾಗುವುದೇ ಸೆಪ್ಸಿಸ್ ಎಂದು ಅದು ಹೇಳುತ್ತದೆ. ರೋಗಾಣು ಕಿಡಿ ಹೊತ್ತಿಸುತ್ತದೆ. ಶ್ವಾಸಕೋಶ, ಮೂತ್ರಪಿಂಡ, ಹೃದಯಗಳು ಸೋಲುವಲ್ಲಿ ದೇಹದ ಸ್ವಂತ ರಕ್ಷಣಾಪಡೆಯ ಪಾಲು ದೊಡ್ಡದು.

ಆ ಪಡೆ ಎಚ್ಚರಗೊಳ್ಳುವ ಬಗೆ 1990ರ ದಶಕದಲ್ಲಿ ಸ್ಪಷ್ಟವಾಯಿತು. ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬು-ಸಕ್ಕರೆಯ ಅಣುವನ್ನು ಟಿಎಲ್‌ಆರ್4 ಎಂಬ ಗ್ರಾಹಕ ಗುರುತಿಸುತ್ತದೆ ಎಂದು ಬ್ರೂಸ್ ಬ್ಯೂಟ್ಲರ್ ತಂಡ 1998ರಲ್ಲಿ ತೋರಿಸಿತು, 2011ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಗ್ರಾಹಕ ಕೆರಳಿದರೆ ಜೀವಕೋಶಗಳು ಉರಿಯೂತದ ಸಂದೇಶವಾಹಕಗಳನ್ನು ಸುರಿಯುತ್ತವೆ, ರಕ್ತನಾಳಗಳ ಗೋಡೆ ಸೋರತೊಡಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಸೂಕ್ಷ್ಮ ನಾಳಗಳಲ್ಲಿ ಹೆಪ್ಪುಗಟ್ಟುತ್ತದೆ. ಇಷ್ಟು ತಿಳಿದ ಮೇಲೆ ಔಷಧದ ದಾರಿ ನೇರವಾಗಿ ಕಂಡಿತು: ಸಂದೇಶವಾಹಕವನ್ನು ತಡೆದರೆ ರೋಗಿ ಉಳಿಯಬೇಕು. ಪ್ರಾಣಿಗಳಲ್ಲಿ ಉಳಿಯಿತು ಕೂಡ. ಮನುಷ್ಯರಲ್ಲಿ ಒಂದರ ಹಿಂದೊಂದು ಪ್ರಯೋಗ ಸೋತಿತು. ಟಿಎಲ್‌ಆರ್4ನ್ನೇ ಮುಚ್ಚುವ ಎರಿಟೊರಾನ್ ಎಂಬ ಔಷಧದಿಂದ ಸಾವು ಕಡಿಮೆಯಾಗಲಿಲ್ಲ ಎಂದು 2013ರಲ್ಲಿ ಪ್ರಕಟವಾಯಿತು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದ್ದ, ಹೆಪ್ಪುಗಟ್ಟುವಿಕೆಯನ್ನು ತಗ್ಗಿಸುವ ಇನ್ನೊಂದು ಔಷಧವನ್ನು ಮರುಪ್ರಯೋಗದಲ್ಲಿ ಲಾಭ ಕಾಣದೆ 2011ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು.

ಅದೇ 2011ರಲ್ಲಿ ಈ ಸೋಲಿನ ಅರ್ಥವನ್ನು ಬಿಡಿಸುವ ಒಂದು ಅಧ್ಯಯನ ಬಂತು. ತೀವ್ರ ನಿಗಾ ಘಟಕದಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡವರ ಗುಲ್ಮ ಮತ್ತು ಶ್ವಾಸಕೋಶದ ಅಂಗಾಂಶವನ್ನು ಸಾವಿನ ಬೆನ್ನಲ್ಲೇ ಪಡೆದು ಪರೀಕ್ಷಿಸಿದಾಗ, ಉರಿಯುತ್ತಿರಬೇಕಿದ್ದ ರೋಗನಿರೋಧಕ ಕೋಶಗಳು ಬಳಲಿ ಸುಮ್ಮನಾಗಿದ್ದವು. ಕೆರಳಿಸಿದರೂ ಸಂದೇಶವಾಹಕಗಳನ್ನು ಸ್ರವಿಸುವ ಶಕ್ತಿ ಅವುಗಳಲ್ಲಿ ತೀರಾ ಕುಂದಿತ್ತು. ಅನೇಕ ರೋಗಿಗಳು ಮೊದಲ ಉರಿಯೂತವನ್ನು ದಾಟಿಯೂ ದಿನಗಳ ನಂತರ, ಆರೋಗ್ಯವಂತರನ್ನು ಏನೂ ಮಾಡದ ದುರ್ಬಲ ರೋಗಾಣುಗಳಿಗೆ ಬಲಿಯಾಗುತ್ತಾರೆ ಎಂದು ವೈದ್ಯರು ಹಾಸಿಗೆಯ ಪಕ್ಕದಲ್ಲಿ ಕಂಡಿದ್ದಕ್ಕೆ ಇದು ತಾಳೆಯಾಯಿತು. ಅಂದರೆ ಒಂದೇ ವಾರ್ಡಿನಲ್ಲಿ, ಒಂದೇ ರೋಗದ ಹೆಸರಿನಡಿ, ಒಬ್ಬರ ಪ್ರತಿರೋಧ ಮಿತಿಮೀರಿದೆ, ಪಕ್ಕದವರದ್ದು ಸತ್ತುಹೋಗಿದೆ, ಮತ್ತೊಬ್ಬರಲ್ಲಿ ಎರಡೂ ಒಟ್ಟಿಗೆ ನಡೆದಿವೆ. ಉರಿಯೂತ ತಗ್ಗಿಸುವ ಔಷಧ ಮೊದಲನೆಯವರನ್ನು ಉಳಿಸಿ ಎರಡನೆಯವರನ್ನು ಕೊಂದರೆ, ಇಬ್ಬರನ್ನೂ ಸೇರಿಸಿದ ಸರಾಸರಿಯಲ್ಲಿ ಔಷಧಕ್ಕೆ ಪರಿಣಾಮವೇ ಇಲ್ಲವೆಂದು ಬರುತ್ತದೆ. ಸೋತ ಔಷಧಗಳಲ್ಲಿ ಎಷ್ಟೋ ನಿಜವಾಗಿಯೂ ನಿಷ್ಪ್ರಯೋಜಕವೇ ಇರಬಹುದು. ಆದರೆ ಪ್ರಯೋಗಗಳನ್ನು ಕಟ್ಟಿದ ರೀತಿಯಲ್ಲಿ ಅದನ್ನು ತಿಳಿಯುವ ದಾರಿಯೇ ಇರಲಿಲ್ಲ ಎಂಬುದು ನನಗೆ ಇಡೀ ಕಥೆಯ ಅತ್ಯಂತ ನೋವಿನ ಭಾಗವಾಗಿ ಕಾಣುತ್ತದೆ.

2016ರಿಂದೀಚೆಗೆ ರಕ್ತದ ಬಿಳಿಕಣಗಳಲ್ಲಿ ಯಾವ ವಂಶವಾಹಿಗಳು ಕೆಲಸ ಮಾಡುತ್ತಿವೆ ಎಂದು ನೋಡಿ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸುವ ಕೆಲಸ ನಡೆದಿದೆ. ಒಂದು ವಿಂಗಡಣೆಯಲ್ಲಿ ಮೊದಲ ಗುಂಪಿನವರ ರೋಗನಿರೋಧಕತೆ ಕುಗ್ಗಿದೆ, ಅವರಲ್ಲಿ ಸಾವೂ ಹೆಚ್ಚು. ಎರಡನೆಯ ಗುಂಪಿನವರದ್ದು ಸಾಕಷ್ಟು ಚುರುಕಾಗಿದೆ. ರಕ್ತದೊತ್ತಡ ಅಪಾಯಕರವಾಗಿ ಕುಸಿಯುವ ಸೆಪ್ಸಿಸ್ ಆಘಾತಕ್ಕೆ ಬಹುಕಾಲದಿಂದ ಕೊಡುತ್ತಿರುವ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡಿನ ಪ್ರಯೋಗವೊಂದನ್ನು ಈ ಕಣ್ಣಿನಿಂದ ಮರಳಿ ನೋಡಿದಾಗ, ಎರಡನೆಯ ಗುಂಪಿನಲ್ಲಿ ಅದನ್ನು ಪಡೆದವರ ಸಾವು ಹೆಚ್ಚಾಗಿತ್ತು ಎಂದು 2019ರಲ್ಲಿ ವರದಿಯಾಯಿತು. ಹಿಂತಿರುಗಿ ಮಾಡಿದ ವಿಶ್ಲೇಷಣೆಯಾದ್ದರಿಂದ ಇದೊಂದನ್ನೇ ನಂಬಿ ಚಿಕಿತ್ಸೆ ಬದಲಿಸುವಂತಿಲ್ಲ. ಆದರೆ ಸಮಯ ಮತ್ತು ಸ್ಥಿತಿಯಿಂದ ಒಂದೇ ಔಷಧದ ಫಲ ತಿರುಗಬಲ್ಲದು ಎಂಬುದಕ್ಕೆ ಕೋವಿಡ್ ಕಾಲದಲ್ಲಿ ದೃಢವಾದ ಸಾಕ್ಷ್ಯ ಸಿಕ್ಕಿತು. 2020ರ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸಿತು. ಆಮ್ಲಜನಕದ ಅಗತ್ಯವೇ ಇರದಿದ್ದವರಿಗೆ ಅದರಿಂದ ಲಾಭ ಕಾಣಲಿಲ್ಲ. ಇನ್ನೊಂದು ದಿಕ್ಕಿನಲ್ಲಿ, ಬಳಲಿದ ಕೋಶಗಳನ್ನು ಎಬ್ಬಿಸುವ ಇಂಟರ್‌ಲ್ಯೂಕಿನ್-7ನ್ನು ಕೊಟ್ಟ ಸಣ್ಣ ಪ್ರಯೋಗವೊಂದರಲ್ಲಿ ಲಿಂಫೊಸೈಟ್ ಎಂಬ ಬಿಳಿಕಣಗಳ ಸಂಖ್ಯೆ ಮೂರು ನಾಲ್ಕು ಪಟ್ಟು ಏರಿತು. ಅದು ಜೀವ ಉಳಿಸುತ್ತದೆಯೇ ಎಂಬುದನ್ನು ಅಷ್ಟು ಕಡಿಮೆ ಜನರಲ್ಲಿ ತೀರ್ಮಾನಿಸಲಾಗದು.

ಇಲ್ಲಿ ಎದುರಾಗುವ ಅಡ್ಡಿ ಗಡಿಯಾರದ್ದು. ಸೆಪ್ಸಿಸ್ ಆಘಾತದಲ್ಲಿ ಸರಿಯಾದ ಆಂಟಿಬಯೋಟಿಕ್ ತಡವಾದ ಪ್ರತಿ ಗಂಟೆಗೆ ಬದುಕುಳಿಯುವ ಪ್ರಮಾಣ ಸರಾಸರಿ ಶೇ 7.6ರಷ್ಟು ಕುಸಿಯಿತು ಎಂದು 2006ರ ಒಂದು ದೊಡ್ಡ ವಿಶ್ಲೇಷಣೆ ಕಂಡುಕೊಂಡಿತ್ತು. ವಂಶವಾಹಿಗಳ ಚಟುವಟಿಕೆಯನ್ನು ಓದಿ ಗುಂಪು ಹೇಳುವ ಪರೀಕ್ಷೆ ಪ್ರಯೋಗಾಲಯಕ್ಕೆ ಹೋಗಿ ಬರುವಷ್ಟರಲ್ಲಿ ರೋಗಿಯ ಸ್ಥಿತಿ ಬದಲಾಗಿರುತ್ತದೆ, ಕೆಲವೊಮ್ಮೆ ಗುಂಪೂ ಬದಲಾಗಿರುತ್ತದೆ. ಆದ್ದರಿಂದ ಆಂಟಿಬಯೋಟಿಕ್, ದ್ರವ, ರಕ್ತದೊತ್ತಡದ ಆಧಾರ ಇವು ಯಾವ ಪರೀಕ್ಷೆಗೂ ಕಾಯದೆ ಮೊದಲು ನಡೆಯಬೇಕು. ರೋಗನಿರೋಧಕತೆಯನ್ನು ಏರಿಸಬೇಕೋ ಇಳಿಸಬೇಕೋ ಎಂಬ ನಿರ್ಧಾರಕ್ಕೆ ಮಾನೊಸೈಟ್ ಎಂಬ ಬಿಳಿಕಣಗಳ ಮೇಲಿನ ಎಚ್‌ಎಲ್‌ಎ-ಡಿಆರ್ ಎಂಬ ಪ್ರೋಟೀನಿನ ಮಟ್ಟವನ್ನು ದಿನವೂ ಅಳೆದು, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವ ವಿಧಾನವನ್ನು ಸಂಶೋಧಕರು ಪರೀಕ್ಷಿಸುತ್ತಿದ್ದಾರೆ. ದಿನಗಳು ಕಳೆದರೂ ಆ ಮಟ್ಟ ಚೇತರಿಸದೆ ಕೆಳಗೇ ಉಳಿದ ರೋಗಿಗಳಲ್ಲಿ ಹೊಸ ಸೋಂಕು ಮತ್ತು ಸಾವು ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಅದಕ್ಕೆ ಬೇಕಾದ, ಕೋಶಗಳನ್ನು ಒಂದೊಂದಾಗಿ ಹಾಯಿಸಿ ಅಳೆಯುವ ಫ್ಲೋ ಸೈಟೊಮೀಟರ್ ಯಂತ್ರ ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯದಲ್ಲಿರುತ್ತದೆ, ಸೆಪ್ಸಿಸ್‌ನ ಹೊರೆ ಹೆಚ್ಚಾಗಿರುವುದು ಅಂತಹ ಪ್ರಯೋಗಾಲಯಗಳು ವಿರಳವಾಗಿರುವ ಬಡ ಮತ್ತು ಮಧ್ಯಮ ಆದಾಯದ ನಾಡುಗಳಲ್ಲಿ. ಆ ಅಳತೆಯನ್ನು ಹಾಸಿಗೆಯ ಪಕ್ಕದಲ್ಲೇ, ಒಂದು ಹನಿ ರಕ್ತದಲ್ಲಿ, ಒಂದು ಗಂಟೆಯೊಳಗೆ ಮಾಡಬಲ್ಲ ಅಗ್ಗದ ಸಾಧನಕ್ಕೆ ಹಣ ಹೂಡುವುದು ಇನ್ನೊಂದು ಹೊಸ ಔಷಧದ ಪ್ರಯೋಗಕ್ಕಿಂತ ಮೊದಲು ಆಗಬೇಕಾದ ಕೆಲಸ.